ಆಫೀಸಿನಲ್ಲಿ ಹುಟ್ಟುವ ಪ್ರೀತಿಯೋ, ಡ್ರ್ಯಾಗನ್ ಬೆನ್ನೇರುವ ಪ್ರೀತಿಯೋ?

ಇಂಗ್ಲಿಷ್ ಪ್ರೇಮ ಕಾದಂಬರಿಗಳ ಕಪಾಟಿನ ಮುಂದೆ ನಿಂತರೆ ಈಗ ಎರಡು ರಾಶಿ ಕಾಣುತ್ತವೆ. ಒಂದರಲ್ಲಿ ಗುಲಾಬಿ, ಹಳದಿ ಮುಖಪುಟಗಳು. ಕಾರ್ಟೂನಿನ ಹಾಗೆ ಬರೆದ ಹುಡುಗ, ಹುಡುಗಿ, ಕೈಯಲ್ಲಿ ಕಾಫಿಯೋ ಸೂಟ್‌ಕೇಸೋ. ಇನ್ನೊಂದರಲ್ಲಿ ಕಪ್ಪು, ಬಂಗಾರ, ಕತ್ತಿ, ಕಿರೀಟ, ರೆಕ್ಕೆ. ಪುಸ್ತಕವೂ ಇಟ್ಟಿಗೆಯಷ್ಟು ದಪ್ಪ. ಮೊದಲನೆಯದು ಸಮಕಾಲೀನ ಪ್ರೇಮ ಕಾದಂಬರಿ. ಇವತ್ತಿನ ಊರು, ಇವತ್ತಿನ ಕೆಲಸ, ಇವತ್ತಿನ ಜನ. ಎರಡನೆಯದು ಫ್ಯಾಂಟಸಿ ರೊಮಾನ್ಸ್. ಇದನ್ನೇ ಈಗ ಎಲ್ಲರೂ 'ರೊಮ್ಯಾಂಟಸಿ' ಅನ್ನುತ್ತಾರೆ.

ಯಾವುದನ್ನು ಎತ್ತಿಕೊಳ್ಳಬೇಕು? ಸಾಮಾನ್ಯವಾಗಿ ಕೇಳುವುದು 'ನಿಮಗೆ ಮಾಯಾಲೋಕ ಇಷ್ಟವಾ, ನಿಜ ಜೀವನ ಇಷ್ಟವಾ' ಅಂತ. ಈ ಪ್ರಶ್ನೆಯಿಂದ ಜಾಸ್ತಿ ಉಪಯೋಗವಿಲ್ಲ. ಡ್ರ್ಯಾಗನ್ ಕಂಡರಾಗದವರು ಫ್ಯಾಂಟಸಿಯಲ್ಲಿ ಮುಳುಗಿಹೋಗುತ್ತಾರೆ. ಮಾಯಾಲೋಕ ಇಷ್ಟಪಡುವವರು ಎರಡನೇ ಭಾಗದಲ್ಲಿ ಸುಸ್ತಾಗಿ ಬಿಟ್ಟುಬಿಡುತ್ತಾರೆ. ನಾನು ಕೇಳುವ ಪ್ರಶ್ನೆ ಬೇರೆ: ಅವರಿಬ್ಬರೂ ಒಂದಾಗುವುದನ್ನು ನೋಡಲು ನೀವು ಎಷ್ಟು ದಿನ ಕಾಯಬಲ್ಲಿರಿ?

ಎರಡಕ್ಕೂ ಒಂದೇ ಕರಾರು

ಅಮೆರಿಕದ ರೊಮಾನ್ಸ್ ಲೇಖಕರ ಸಂಘ ಪ್ರೇಮ ಕಾದಂಬರಿಗೆ ಎರಡೇ ಷರತ್ತು ಇಟ್ಟಿದೆ. ಕತೆಯ ನಡುವೆ ಪ್ರೀತಿ ಇರಬೇಕು. ಕೊನೆ ಮನಸ್ಸಿಗೆ ತೃಪ್ತಿ ಕೊಡಬೇಕು, ಭರವಸೆ ಉಳಿಸಬೇಕು. ಅಷ್ಟೇ. ಪ್ರೀತಿಯ ಬಗ್ಗೆ ಬರೆದದ್ದೆಲ್ಲ ಈ ಲೆಕ್ಕದಲ್ಲಿ ಪ್ರೇಮ ಕಾದಂಬರಿ ಆಗುವುದಿಲ್ಲ.

ತ್ರಿವೇಣಿಯವರ ಕಾದಂಬರಿಯಿಂದ ಪುಟ್ಟಣ್ಣ ಕಣಗಾಲರು 1967ರಲ್ಲಿ ತೆಗೆದ 'ಬೆಳ್ಳಿಮೋಡ' ಸಿನಿಮಾ ನೋಡಿದವರಿಗೆ ಇದು ತಕ್ಷಣ ಹೊಳೆಯುತ್ತದೆ. ಇಂದಿರಾಗೆ ತಮ್ಮ ಹುಟ್ಟುತ್ತಾನೆ, ಆಸ್ತಿ ಕೈತಪ್ಪುತ್ತದೆ, ಮೋಹನ ಮದುವೆಯಿಂದ ಹಿಂದೆ ಸರಿಯುತ್ತಾನೆ. ಆಮೇಲೆ ಬುದ್ಧಿ ಬಂದು ವಾಪಸ್ ಬಂದರೆ ಅವಳು ಬೇಡ ಅನ್ನುತ್ತಾಳೆ. ಅದ್ಭುತವಾದ ಕೊನೆ. ಆದರೆ ಮೇಲಿನ ಷರತ್ತಿನ ಪ್ರಕಾರ ಅದು ರೊಮಾನ್ಸ್ ಅಲ್ಲ. ಎಚ್.ಜಿ. ರಾಧಾದೇವಿಯವರ 'ಅನುರಾಗದ ಅಂತಃಪುರ' ರೊಮಾನ್ಸ್. ಸೊಕ್ಕಿನ ಶ್ರೀಮಂತ ಹುಡುಗಿ, ಅವಳಿಗೆ ತಲೆಬಾಗದ ಕೆಲಸಗಾರ, ಜಗಳದಿಂದ ಶುರುವಾದದ್ದು ಸಂಸಾರವಾಗುತ್ತದೆ. 1986ರಲ್ಲಿ 'ಅನುರಾಗ ಅರಳಿತು' ಹೆಸರಿನಲ್ಲಿ ರಾಜ್‌ಕುಮಾರ್ ಸಿನಿಮಾ ಆಯಿತು, ಆಮೇಲೆ ತಮಿಳು, ತೆಲುಗಿಗೂ ಹೋಯಿತು. ಇವತ್ತು ಇಂಗ್ಲಿಷ್ ಓದುಗರು 'ಎನಿಮೀಸ್ ಟು ಲವರ್ಸ್' ಅಂತ ಹುಡುಕಿಕೊಂಡು ಓದುವುದು ಇದನ್ನೇ.

ಹಾಗಾಗಿ 'ಕೊನೆಗೆ ಸೇರುತ್ತಾರೆ ಅಂತ ಮೊದಲೇ ಗೊತ್ತಿದ್ದರೆ ಓದೋದು ಯಾಕೆ' ಅಂತ ಯಾರಾದರೂ ಕೇಳಿದರೆ ತಲೆ ಕೆಡಿಸಿಕೊಳ್ಳಬೇಡಿ. ಸೇರುತ್ತಾರೆ ಅನ್ನುವುದು ಗೊತ್ತು. ಹೇಗೆ ಅನ್ನುವುದಕ್ಕೇ ಓದುವುದು. ಸಮಕಾಲೀನ ಕಾದಂಬರಿ ಈ ಕರಾರನ್ನು ಅದೇ ಪುಸ್ತಕದಲ್ಲಿ ತೀರಿಸುತ್ತದೆ. ಫ್ಯಾಂಟಸಿ ಕಾದಂಬರಿ ಬಹಳ ಸಲ ಸಾಲ ಹೇಳುತ್ತದೆ. ಮೂರನೇ ಭಾಗದಲ್ಲಿ ಕೊಡುತ್ತೇನೆ, ಐದನೇ ಭಾಗದಲ್ಲಿ ಕೊಡುತ್ತೇನೆ ಅನ್ನುತ್ತದೆ.

ಅಡ್ಡಗೋಡೆ ಎಲ್ಲಿದೆ?

ಇಬ್ಬರನ್ನು ಏನು ತಡೆಯುತ್ತಿದೆ ಅಂತ ನೋಡಿದರೆ ಈ ಎರಡು ಬಗೆಯ ವ್ಯತ್ಯಾಸ ಚೆನ್ನಾಗಿ ಕಾಣುತ್ತದೆ.

ಸಮಕಾಲೀನ ಕತೆಯಲ್ಲಿ ಗೋಡೆ ಜನರ ಒಳಗಿರುತ್ತದೆ. ಎಮಿಲಿ ಹೆನ್ರಿಯ 'ಬೀಚ್ ರೀಡ್' (2020) ತೆಗೆದುಕೊಳ್ಳಿ. ಮಿಷಿಗನ್‌ನ ಸರೋವರದ ದಂಡೆಯಲ್ಲಿ ಅಕ್ಕಪಕ್ಕದ ಮನೆಯಲ್ಲಿ ಇಬ್ಬರು ಲೇಖಕರು. ಅವಳು ಪ್ರೇಮ ಕತೆ ಬರೆಯುವವಳು, ಅವನು ಗಂಭೀರ ಸಾಹಿತ್ಯದವನು. ಇಬ್ಬರಿಗೂ ಬರವಣಿಗೆ ನಿಂತುಹೋಗಿದೆ. ನಾನು ನಿನ್ನ ಥರ ಬರೆಯುತ್ತೇನೆ, ನೀನು ನನ್ನ ಥರ ಬರಿ ಅಂತ ಪಂಥ ಕಟ್ಟುತ್ತಾರೆ. ಇವರನ್ನು ತಡೆಯಲು ಯಾವ ಖಳನಾಯಕನೂ ಬರುವುದಿಲ್ಲ. ತೀರಿಹೋದ ಅಪ್ಪ ಏನನ್ನು ಮುಚ್ಚಿಟ್ಟಿದ್ದ ಅನ್ನುವ ನೋವು ಅವಳಿಗೆ, ಯಾರನ್ನೂ ನಂಬದ ಸ್ವಭಾವ ಅವನಿಗೆ. ಸುಮಾರು 350 ಪುಟದಲ್ಲಿ ಎಲ್ಲ ಬಗೆಹರಿಯುತ್ತದೆ. ಆಡಿಯೋದಲ್ಲಾದರೆ ಹತ್ತು ಗಂಟೆ.

ಈ ಬಗೆಯ ಶಕ್ತಿ ಮಾತುಕತೆಯಲ್ಲಿದೆ. ಇಬ್ಬರೂ ಮಾತಾಡುವುದನ್ನು ಓದುತ್ತಾ ನಿಮ್ಮ ಮುಖದಲ್ಲಿ ನಗು ಮೂಡದಿದ್ದರೆ ಆ ಪುಸ್ತಕದಲ್ಲಿ ಬೇರೇನೂ ಉಳಿದಿರುವುದಿಲ್ಲ. ಇದರ ದೊಡ್ಡ ರೋಗ ಮುಕ್ಕಾಲು ಪುಸ್ತಕ ದಾಟಿದ ಮೇಲೆ ಬರುವ ಜಗಳ. ಅಲ್ಲಿಯವರೆಗೆ ಬುದ್ಧಿವಂತರಾಗಿದ್ದವರು ಇದ್ದಕ್ಕಿದ್ದಂತೆ ಒಂದು ಮಾತು ಕೇಳಿಸಿಕೊಂಡು ಸೂಟ್‌ಕೇಸ್ ಕಟ್ಟುತ್ತಾರೆ. ಒಂದು ಫೋನ್ ಮಾಡಿದ್ದರೆ ಮುಗಿಯುತ್ತಿತ್ತು, ಅಲ್ವಾ? ಒಳ್ಳೆಯ ಲೇಖಕರು ಈ ಜಗಳಕ್ಕೆ ಮೊದಲಿನಿಂದಲೇ ಕಾರಣ ಬಿತ್ತಿರುತ್ತಾರೆ. ಉಳಿದವರು ಪುಟ ತುಂಬಿಸಲು ತರುತ್ತಾರೆ.

ಫ್ಯಾಂಟಸಿಯಲ್ಲಿ ಗೋಡೆ ಹೊರಗಿರುತ್ತದೆ. ಯುದ್ಧ, ಶಾಪ, ಆಣೆ, ಸಿಂಹಾಸನ. ರೆಬೆಕಾ ಯಾರೋಸ್ ಬರೆದ 'ಫೋರ್ತ್ ವಿಂಗ್' (2023) ನೋಡಿ. ಡ್ರ್ಯಾಗನ್ ಸವಾರರನ್ನು ತಯಾರು ಮಾಡುವ ಸೈನಿಕ ಕಾಲೇಜು. ಅಲ್ಲಿ ನಪಾಸಾದರೆ ಸಾವೇ. ನಾಯಕಿ ವಯೊಲೆಟ್‌ಳ ತಾಯಿ ಸೇನೆಯ ಜನರಲ್. ನಾಯಕ ಜೇಡನ್‌ನ ತಂದೆ ದಂಗೆಯ ನಾಯಕನಾಗಿ ಮರಣದಂಡನೆಗೆ ಗುರಿಯಾದವನು. ಇವರ ದ್ವೇಷ ಫೋನಿನಲ್ಲಿ ಬಗೆಹರಿಯುವಂಥದ್ದಲ್ಲ. ಅವನಿಗೆ ಇವಳನ್ನು ಕೊಲ್ಲಲು ಕಾರಣವಿದೆ. ಅದಕ್ಕೇ ಅವನು ಕೊಲ್ಲದೆ ಬಿಟ್ಟ ಪ್ರತಿ ಸಲವೂ ಪ್ರೀತಿಯ ಮಾತು ಆಡಿದ ಹಾಗೆ ಕೇಳಿಸುತ್ತದೆ. ಸಮಕಾಲೀನ ಕಾದಂಬರಿಯ ನಾಯಕ ಮಳೆಯಲ್ಲಿ ಕೊಡೆ ಹಿಡಿದು ಈ ಬಿಸಿ ಹುಟ್ಟಿಸುವುದು ಕಷ್ಟ.

ಆದರೆ ಬೆಲೆ ನೋಡಿ. ಮೊದಲ ಭಾಗವೇ ಐನೂರು ಪುಟದ ಹತ್ತಿರ. ಆಡಿಯೋ 20 ಗಂಟೆ ದಾಟುತ್ತದೆ. ಅದೇ ವರ್ಷದ ನವೆಂಬರಿನಲ್ಲಿ ಎರಡನೆಯದು ಬಂತು, 2025ರ ಜನವರಿಯಲ್ಲಿ ಮೂರನೆಯದು. ಒಟ್ಟು ಐದು ಭಾಗದ ಯೋಜನೆ. ಪ್ರತಿ ಭಾಗವೂ ಕುತ್ತಿಗೆ ಹಿಡಿದು ನಿಲ್ಲಿಸುವ ಜಾಗದಲ್ಲಿ ನಿಲ್ಲುತ್ತದೆ. 'ಸುಧಾ', 'ತರಂಗ'ದ ಧಾರಾವಾಹಿಗೆ ವಾರವಾರ ಕಾದು ಬೆಳೆದವರಿಗೆ ಈ ಸಂಕಟ ಹೊಸದಲ್ಲ. ಆದರೆ ಅಲ್ಲಿ ಕಾಯುತ್ತಿದ್ದದ್ದು ಒಂದು ವಾರ. ಇಲ್ಲಿ ವರ್ಷಗಟ್ಟಲೆ.

ಇನ್ನೊಂದು ಎಚ್ಚರಿಕೆ. ಸಾರಾ ಜೆ. ಮಾಸ್ ಅವರ 'ಎ ಕೋರ್ಟ್ ಆಫ್ ಥಾರ್ನ್ಸ್ ಅಂಡ್ ರೋಸಸ್' (2015) ಈ ಅಲೆಗೆ ದಾರಿ ಮಾಡಿಕೊಟ್ಟ ಪುಸ್ತಕಗಳಲ್ಲಿ ಮುಖ್ಯವಾದದ್ದು. ಸುಂದರಿ ಮತ್ತು ಮೃಗದ ಹಳೆಯ ಕತೆಯನ್ನು ಹೊಸದಾಗಿ ಹೇಳುತ್ತಾ ಶುರುವಾಗುತ್ತದೆ. ಅದನ್ನು ಹಿಡಿದವರಿಗೆ ಒಂದೇ ಮಾತು: ಮೊದಲ ಭಾಗದ ಪ್ರೀತಿಯನ್ನು ನೋಡಿ ಇಡೀ ಸರಣಿಯನ್ನು ಅಳೆಯಬೇಡಿ. ಎರಡನೇ ಭಾಗ ಬಂದಾಗ ಲೆಕ್ಕಾಚಾರ ತಲೆಕೆಳಗಾಗುತ್ತದೆ. ಸಮಕಾಲೀನ ಕಾದಂಬರಿಯಲ್ಲಿ ಇಂಥ ಆಟ ಆಡಿದರೆ ಓದುಗರು ಲೇಖಕಿಯನ್ನು ಸುಮ್ನೆ ಬಿಡುವುದಿಲ್ಲ. ಅಲ್ಲಿ ಹತ್ತನೇ ಪುಟದಲ್ಲಿ ನಾಯಕಿಯ ಕಾಫಿ ಚೆಲ್ಲಿದವನೇ ಗಂಡ.

ಇಂಗ್ಲಿಷ್ ಯಾವುದರಲ್ಲಿ ಸುಲಭ?

ಇದು ನಮ್ಮಂಥವರ ಪ್ರಶ್ನೆ. ಕನ್ನಡದಲ್ಲಿ ಓದಿ ಬೆಳೆದು ಇಂಗ್ಲಿಷ್ ಕಾದಂಬರಿಗೆ ಕಾಲಿಡುವವರು ಸಮಕಾಲೀನ ಕಾದಂಬರಿಯೇ ಸುಲಭ ಅಂದುಕೊಳ್ಳುತ್ತಾರೆ. ಚಿಕ್ಕ ಪುಸ್ತಕ, ಸಂಭಾಷಣೆಯೇ ಜಾಸ್ತಿ, ಗೊತ್ತಿರುವ ಲೋಕ. ನನಗೆ ಹಾಗನಿಸುವುದಿಲ್ಲ.

ಸಮಕಾಲೀನ ಕಾದಂಬರಿಯ ನಗು ಅಮೆರಿಕದ ಬದುಕಿನಲ್ಲಿ ಬೇರುಬಿಟ್ಟಿದೆ. ಯಾವ ಅಂಗಡಿಗೆ ಹೋದರೆ ಬಡವ, ಯಾವ ಅಂಗಡಿಗೆ ಹೋದರೆ ಶ್ರೀಮಂತ ಅನ್ನುವುದನ್ನು ಲೇಖಕಿ ವಿವರಿಸುವುದಿಲ್ಲ. ಹಳೆಯ ಟೀವಿ ಕಾರ್ಯಕ್ರಮದ ಹೆಸರು ಹೇಳಿ ಮುಂದೆ ಹೋಗುತ್ತಾಳೆ. ಆಲಿ ಹೇಜಲ್‌ವುಡ್‌ರ 'ದಿ ಲವ್ ಹೈಪಾಥಿಸಿಸ್' (2021) ಇದಕ್ಕೆ ಒಂದು ಮಟ್ಟಿಗೆ ಹೊರತು. ಅದು ಸ್ಟ್ಯಾನ್‌ಫರ್ಡ್‌ನ ಪಿಎಚ್.ಡಿ. ವಿದ್ಯಾರ್ಥಿನಿಯ ಕತೆ. ಸುಳ್ಳು ಪ್ರೇಮದ ನಾಟಕ ನಿಜವಾಗುವ ಕತೆ. ಲ್ಯಾಬು, ಗೈಡು, ಹಣ ಸಿಗದ ಸಂಶೋಧನೆ, ಕಾನ್ಫರೆನ್ಸಿನಲ್ಲಿ ಪ್ರಬಂಧ ಓದುವ ಭಯ. ಬೆಂಗಳೂರಿನ ಯಾವುದೇ ಸಂಶೋಧನಾ ಸಂಸ್ಥೆಯಲ್ಲಿ ಇದ್ದವರಿಗೆ ಇದು ಅಡಿಟಿಪ್ಪಣಿ ಇಲ್ಲದೆ ಅರ್ಥವಾಗುತ್ತದೆ. ಬರೆದವರೂ ನರವಿಜ್ಞಾನ ಓದಿದವರು.

ಫ್ಯಾಂಟಸಿಯಲ್ಲಿ ಮೊದಲ ಅರವತ್ತು ಎಪ್ಪತ್ತು ಪುಟ ಕಷ್ಟ. ಬಾಯಿಗೆ ಬರದ ಹೆಸರುಗಳು, ಮೊದಲ ಪುಟದಲ್ಲೇ ಒಂದು ಮ್ಯಾಪು, ಯಾವ ರಾಜ್ಯ ಯಾರ ಕಡೆ ಅನ್ನುವ ಗೊಂದಲ. ಆದರೆ ಒಂದು ಅನುಕೂಲವಿದೆ. ಆ ಲೋಕ ಅಮೆರಿಕದವರಿಗೂ ಹೊಸತೇ. ಅಲ್ಲಿ ಮೈಸೂರಿನ ಓದುಗರೂ ನ್ಯೂಯಾರ್ಕಿನ ಓದುಗರೂ ಒಂದೇ ಬೆಂಚಿನಲ್ಲಿ ಕೂತಿರುತ್ತಾರೆ. ಲೇಖಕರು ಎಲ್ಲವನ್ನೂ ಕೈಹಿಡಿದು ಹೇಳಲೇಬೇಕು. ಒಂದು ಸಲ ಒಳಗೆ ಹೋದರೆ ಭಾಷೆ ನೇರವಾಗಿ ಓಡುತ್ತದೆ. ಇಂಗ್ಲಿಷ್ ಬಗ್ಗೆ ಅಳುಕಿದ್ದೂ ಸಮಯ ಇರುವವರಿಗೆ ನಾನು ಫ್ಯಾಂಟಸಿಯನ್ನೇ ಹೇಳುತ್ತೇನೆ. ಹೆಸರುಗಳನ್ನು ಹೇಗೆ ಬೇಕಾದರೂ ಓದಿಕೊಳ್ಳಿ, ಯಾರೂ ಕೇಳುವುದಿಲ್ಲ.

ಹಸಿಬಿಸಿ ಎಷ್ಟು?

ಈ ವಿಷಯ ಬಿಟ್ಟು ಹೋಲಿಕೆ ಮಾಡುವುದು ಅಪ್ರಾಮಾಣಿಕತೆ. ಎರಡೂ ರಾಶಿಯಲ್ಲಿ ಏನೂ ಇಲ್ಲದ ಪುಸ್ತಕವೂ ಇದೆ, ಬಾಗಿಲು ಹಾಕಿಕೊಂಡು ಓದುವಂಥದ್ದೂ ಇದೆ. ಮುಖಪುಟ ನೋಡಿ ತಿಳಿಯುವುದಿಲ್ಲ. ಮುದ್ದಾದ ಕಾರ್ಟೂನ್ ಮುಖಪುಟ ಕಂಡು ಹತ್ತನೇ ಕ್ಲಾಸಿನ ಮಗಳಿಗೆ ಕೊಡಿಸಬೇಡಿ. 'ದಿ ಲವ್ ಹೈಪಾಥಿಸಿಸ್'ನಲ್ಲಿ ತುಂಬಾ ಹೊತ್ತು ಏನೂ ಇಲ್ಲ, ಆಮೇಲೆ ಒಂದು ಅಧ್ಯಾಯದಲ್ಲಿ ಎಲ್ಲವೂ ಇದೆ. ಸಾರಾ ಜೆ. ಮಾಸ್ ಅವರ ಸರಣಿ ಮೊದಲು ಹದಿಹರೆಯದವರ ವಿಭಾಗದಲ್ಲಿ ಬಂದಿತ್ತು. 2020ರಲ್ಲಿ ಪ್ರಕಾಶಕರು ಹೊಸ ಮುಖಪುಟ ಹಾಕಿ ದೊಡ್ಡವರ ಪುಸ್ತಕವಾಗಿ ಮಾರತೊಡಗಿದರು. ಹಳೆಯ ಮುದ್ರಣ ಕೈಗೆ ಸಿಕ್ಕರೆ ಇದು ನೆನಪಿರಲಿ. 'ಫೋರ್ತ್ ವಿಂಗ್' ದೊಡ್ಡವರಿಗೇ ಬರೆದದ್ದು. ಅದರ ಮೊದಲ ಪುಟಗಳಲ್ಲೇ ಹಿಂಸೆ, ಲೈಂಗಿಕ ದೃಶ್ಯಗಳ ಬಗ್ಗೆ ಎಚ್ಚರಿಕೆ ಇದೆ. ಆ ಪುಟ ಹಾರಿಸಬೇಡಿ.

ರೊಮಾನ್ಸ್ ಕಪಾಟಿನಲ್ಲಿ ಇಟ್ಟರೂ ರೊಮಾನ್ಸ್ ಅಲ್ಲದ್ದೂ ಇವೆ. ಕಾಲೀನ್ ಹೂವರ್ ಅವರ 'ಇಟ್ ಎಂಡ್ಸ್ ವಿತ್ ಅಸ್' (2016) ಗಂಡನ ಹೊಡೆತದ ಕತೆ. ಓದಬಾರದು ಅಂತಲ್ಲ. ಆದರೆ ವಾರದ ಕೊನೆಗೆ ಹಗುರವಾಗಿ ಏನಾದರೂ ಓದೋಣ ಅಂತ ತೆಗೆದರೆ ಪೆಟ್ಟು ಬೀಳುತ್ತದೆ.

ಬೇಗ ಮುಗಿಯುವ ಫ್ಯಾಂಟಸಿಯೂ ಇದೆ

ಮಾಯಾಲೋಕ ಬೇಕು, ಐದು ಭಾಗ ಬೇಡ. ಇಂಥವರೇ ಜಾಸ್ತಿ. ಇವರನ್ನು ಡ್ರ್ಯಾಗನ್ ಸರಣಿಗೆ ತಳ್ಳುವುದು ಅನ್ಯಾಯ. ಇವರಿಗಾಗಿ ನಾನು ಜೋರಾಗಿ ಶಿಫಾರಸು ಮಾಡುವುದು ಟಿ. ಕಿಂಗ್‌ಫಿಶರ್ ಅವರ 'ಪ್ಯಾಲಡಿನ್ಸ್ ಗ್ರೇಸ್' (2020). ನಾಯಕ ಒಬ್ಬ ಧರ್ಮಯೋಧ. ಅವನ ದೇವರು ಸತ್ತುಹೋಗಿದ್ದಾನೆ. ಹೌದು, ದೇವರೇ. ಯಾಕೆ ಬದುಕಿದ್ದೇನೆ ಅಂತ ಗೊತ್ತಿಲ್ಲದ ಈ ಮನುಷ್ಯ ಬಿಡುವು ಸಿಕ್ಕಾಗ ಕಾಲುಚೀಲ ಹೆಣೆಯುತ್ತಾನೆ. ನಾಯಕಿ ಸುಗಂಧ ತಯಾರಿಸುವವಳು, ಹಾಳಾದ ಮದುವೆಯಿಂದ ಹೊರಬಂದವಳು. ಇಬ್ಬರಿಗೂ ಇಪ್ಪತ್ತರ ಹುಮ್ಮಸ್ಸು ದಾಟಿದೆ. 'ನನ್ನಂಥವನನ್ನು ಅವಳು ಯಾಕೆ ನೋಡುತ್ತಾಳೆ' ಅಂತ ಇಬ್ಬರೂ ಬೇರೆ ಬೇರೆ ಕೂತು ಕೊರಗುವುದು ನೋಡಿದರೆ ನಗುವೂ ಬರುತ್ತದೆ, ಬೈಯಬೇಕು ಅಂತಲೂ ಅನಿಸುತ್ತದೆ. ಸರಣಿ ಇದೆ, ಆದರೆ ಪ್ರತಿ ಪುಸ್ತಕದಲ್ಲೂ ಬೇರೆ ಜೋಡಿ. ಈ ಜೋಡಿಯ ಕತೆ ಇಲ್ಲೇ ದಡ ಸೇರುತ್ತದೆ. ಅಂದರೆ ಮಾಯಾಲೋಕವೂ ಸಿಕ್ಕಿತು, ಸಮಕಾಲೀನ ಕಾದಂಬರಿಯ ಹಾಗೆ ನಗದು ವ್ಯವಹಾರವೂ ಆಯಿತು.

ನವೋಮಿ ನೋವಿಕ್‌ರ 'ಸ್ಪಿನ್ನಿಂಗ್ ಸಿಲ್ವರ್' (2018) ಒಂದೇ ಪುಸ್ತಕ. ಸಾಲ ಕೊಡುವವನ ಮಗಳೊಬ್ಬಳು ಬೆಳ್ಳಿಯನ್ನು ಚಿನ್ನ ಮಾಡಬಲ್ಲಳು ಅನ್ನುವ ಸುದ್ದಿ ಹಿಮಲೋಕದ ರಾಜನ ಕಿವಿಗೆ ಬೀಳುತ್ತದೆ. ಪ್ರೀತಿ ಬಹಳ ನಿಧಾನ, ಚೌಕಾಸಿಯಿಂದ ಶುರುವಾಗುತ್ತದೆ. ಬಿಸಿ ದೃಶ್ಯ ಬೇಕಾದವರಿಗೆ ಇದು ತಣ್ಣಗನಿಸಬಹುದು. ಹೆದರ್ ಫಾಸೆಟ್ ಅವರ 'ಎಮಿಲಿ ವೈಲ್ಡ್ಸ್ ಎನ್‌ಸೈಕ್ಲೋಪೀಡಿಯಾ ಆಫ್ ಫೇರೀಸ್' (2023) ಕೇಂಬ್ರಿಜ್‌ನ ಒಬ್ಬ ಮುಂಗೋಪಿ ಪ್ರೊಫೆಸರಮ್ಮನ ದಿನಚರಿ. ಕಾಲ 1909. ಮೂರು ಭಾಗವಿದೆ, ಮೂರೂ ಬಂದಾಗಿದೆ, ಮನೆಯಲ್ಲಿ ಯಾರ ಕೈಗೆ ಸಿಕ್ಕರೂ ಮುಜುಗರವಿಲ್ಲ.

ನಮ್ಮ ಕಡೆಯ ಕತೆಗಳು

ಹೊರಗಿನ ಲೋಕವೇ ಬೇಡ ಅನ್ನುವವರಿಗೆ ಸಮಕಾಲೀನ ರಾಶಿಯಲ್ಲಿ ಆಯ್ಕೆ ಚೆನ್ನಾಗಿದೆ. ಅನುಜಾ ಚೌಹಾಣ್ ಅವರ 'ದಿ ಜೋಯಾ ಫ್ಯಾಕ್ಟರ್' (2008) ಈಗಲೂ ಹಳಸಿಲ್ಲ. 1983ರ ವಿಶ್ವಕಪ್ ಗೆದ್ದ ಗಳಿಗೆಯಲ್ಲೇ ಹುಟ್ಟಿದ ಹುಡುಗಿ ತಂಡಕ್ಕೆ ಅದೃಷ್ಟ ತರುತ್ತಾಳೆ ಅಂತ ದೇಶವೇ ನಂಬುತ್ತದೆ. ಅದೃಷ್ಟವನ್ನೇ ನಂಬದ ಕ್ಯಾಪ್ಟನ್‌ಗೂ ಅವಳಿಗೂ ಪ್ರೀತಿ. ಸಂಭಾಷಣೆಯಲ್ಲಿ ಹಿಂದಿ ಧಾರಾಳ. ಬೆಂಗಳೂರಿನ ಅಂದಲೀಬ್ ವಾಜಿದ್ ಅವರ 'ಅಸ್ಮಾರಾಸ್ ಸಮ್ಮರ್' (2016) ಟ್ಯಾನರಿ ರಸ್ತೆಯಲ್ಲಿ ನಡೆಯುತ್ತದೆ. ಅಜ್ಜಿಮನೆಗೆ ರಜೆಗೆ ಹೋಗಬೇಕಾದ ಹುಡುಗಿ, ಆ ಬೀದಿಯ ಬಗ್ಗೆ ಅವಳಿಗಿದ್ದ ಅಸಡ್ಡೆ. ಕಾಲೇಜು ವಯಸ್ಸಿನವರಿಗೆ ನಿರ್ಭಯವಾಗಿ ಕೊಡಬಹುದು.

ಫ್ಯಾಂಟಸಿಯಲ್ಲಿ ನಮ್ಮ ನೆಲದ ವಾಸನೆ ಬೇಕಾದರೆ ತಾಶಾ ಸೂರಿಯವರ 'ಎಂಪೈರ್ ಆಫ್ ಸ್ಯಾಂಡ್' (2018). ಮೊಘಲರ ಕಾಲದಿಂದ ಎಳೆ ತೆಗೆದುಕೊಂಡು ಕಟ್ಟಿದ ಸಾಮ್ರಾಜ್ಯ, ಬಲವಂತದ ಮದುವೆ, ನೃತ್ಯವೇ ಮಂತ್ರ. ಗಂಡ ಹೆಂಡತಿ ಒಬ್ಬರನ್ನೊಬ್ಬರು ನಂಬಲು ಕಲಿಯುವ ಕತೆ. ಕತ್ತಲೆ ಜಾಸ್ತಿ, ಹಾಸ್ಯ ಕಡಿಮೆ. ಮುಂದಿನ ಭಾಗ ತಂಗಿಯ ಕತೆ, ಹಾಗಾಗಿ ಇಲ್ಲಿಗೇ ನಿಲ್ಲಿಸಿದರೂ ನಷ್ಟವಿಲ್ಲ.

ಕನ್ನಡದಲ್ಲೇ ಬೇಕು ಅನ್ನುವವರಿಗೆ ಸಮಕಾಲೀನದ ಕಡೆ ಸಾಯಿಸುತೆಯವರ ಕಾದಂಬರಿಗಳ ಸಾಲೇ ಇದೆ. ಕೂಡು ಕುಟುಂಬ, ಸಂಬಂಧ ನೋಡುವುದು, ಮದುವೆಯಾದ ಮೇಲೆ ಹುಟ್ಟುವ ಪ್ರೀತಿ. ಇವತ್ತಿನ ಹುಡುಗಿಯರಿಗೆ ಕೆಲವು ನಾಯಕರ ದರ್ಪ ಸಹ್ಯವಾಗಲಿಕ್ಕಿಲ್ಲ. ನಿಜ ಹೇಳಬೇಕೆಂದರೆ ರೆಕ್ಕೆ ಇರುವ ಇಂಗ್ಲಿಷ್ ನಾಯಕರೂ ದರ್ಪದಲ್ಲಿ ಏನೂ ಕಡಿಮೆ ಇಲ್ಲ. ಫ್ಯಾಂಟಸಿ ಪ್ರೇಮ ಮಾತ್ರ ಕನ್ನಡದ ಅಚ್ಚಿನಲ್ಲಿ ವಿರಳ. ಅದಕ್ಕೆ ಬೆಂಗಳೂರಿನಲ್ಲೇ 2014ರಲ್ಲಿ ಶುರುವಾದ ಪ್ರತಿಲಿಪಿಯಂಥ ಆ್ಯಪುಗಳಿಗೆ ಹೋಗಬೇಕು. ಅಲ್ಲಿ ಗುಣಮಟ್ಟ ಏರುಪೇರು, ಕೆಲವು ಧಾರಾವಾಹಿಗಳಿಗೆ ಕೊನೆಯೇ ಇಲ್ಲ. ಮುಗಿದದ್ದು ಅಂತ ಗುರುತು ಇರುವುದನ್ನೇ ಆರಿಸಿ.

ಹಾಗಾದರೆ ಯಾವಾಗ ಯಾವುದು?

ತಲೆ ತುಂಬಾ ಕೆಲಸ, ಮೆಟ್ರೋದಲ್ಲಿ ಇಪ್ಪತ್ತು ನಿಮಿಷ ಸಿಕ್ಕರೆ ಓದುವವರು: ಸಮಕಾಲೀನ. ಫ್ಯಾಂಟಸಿಯನ್ನು ತುಂಡು ತುಂಡಾಗಿ ಓದಿದರೆ ಯಾವ ರಾಜಕುಮಾರ ಯಾರ ತಮ್ಮ ಅನ್ನುವುದೇ ಮರೆತುಹೋಗುತ್ತದೆ. ದಸರಾ ರಜೆ, ಬಾಣಂತನ, ದೂರದ ಪ್ರಯಾಣ: ಫ್ಯಾಂಟಸಿ, ಅದೂ ಮುಗಿದ ಸರಣಿ. ಈಗಷ್ಟೇ ಮನಸ್ಸು ಮುರಿದಿದ್ದರೆ ಆಫೀಸು, ಅಪಾರ್ಟ್‌ಮೆಂಟು ಇರುವ ಕತೆ ಬೇಡ, ನೆನಪು ಚುಚ್ಚುತ್ತದೆ. ಆಗ ಹಿಮಲೋಕದ ರಾಜನೇ ವಾಸಿ. ಮದುವೆಯಾಗಿ ವರ್ಷಗಳಾದವರಿಗೆ ಕಿಂಗ್‌ಫಿಶರ್ ಹಿಡಿಸುವಷ್ಟು ಇಪ್ಪತ್ತರ ಹುಡುಗಿಯ ಯುದ್ಧ ಕಾಲೇಜು ಹಿಡಿಸಲಿಕ್ಕಿಲ್ಲ. ಪರೀಕ್ಷೆ ಹತ್ತಿರ ಇರುವವರು 'ಫೋರ್ತ್ ವಿಂಗ್' ಮುಟ್ಟಲೇಬೇಡಿ.

ಕೊಳ್ಳುವಾಗ ಸರಣಿಯ ಬಾಕ್ಸ್ ಸೆಟ್ಟಿಗೆ ಕೈ ಹಾಕಬೇಡಿ, ಎಷ್ಟೇ ರಿಯಾಯಿತಿ ಇದ್ದರೂ. ಮೊದಲ ಭಾಗ ಮಾತ್ರ ತನ್ನಿ. ಬೆಂಗಳೂರಿನವರಾದರೆ ಚರ್ಚ್ ಸ್ಟ್ರೀಟಿನ ಬ್ಲಾಸಮ್, ಬುಕ್‌ವರ್ಮ್‌ನಲ್ಲಿ ಹಳೆಯ ಪ್ರತಿ ಹುಡುಕಿ. ಸಮಕಾಲೀನ ಕಾದಂಬರಿಗಳನ್ನು ಒಂದು ಸಲ ಓದಿ ಮಾರುವವರು ಬಹಳ. ಫುಟ್‌ಪಾತಿನ ನಕಲಿ ಪ್ರತಿ ತರಬೇಡಿ. ಅಕ್ಷರ ಮಸುಕು, ಫ್ಯಾಂಟಸಿಯಾದರೆ ಮ್ಯಾಪೂ ಮಸುಕು. ಹೊರದೇಶದಲ್ಲಿರುವವರು ತಾವಿರುವ ಊರಿನ ಲೈಬ್ರರಿ ಕಾರ್ಡು ಹಾಕಿ ಲಿಬ್ಬಿ ಆ್ಯಪಿನಲ್ಲಿ ಬಿಟ್ಟಿಯಾಗಿ ಓದಬಹುದು. ಜನಪ್ರಿಯ ಪುಸ್ತಕಕ್ಕೆ ಸರತಿ ಉದ್ದ ಇರುತ್ತದೆ, ಹಾಗಾಗಿ ಮೊದಲ ಭಾಗ ಕೈಗೆ ಬಂದ ದಿನವೇ ಎರಡನೆಯದಕ್ಕೂ ಹೆಸರು ಬರೆಸಿಡಿ.